ಉದ್ಯಮಬಾಗದಲ್ಲಿ ರಿಪೇರಿಯಾಗದ್ದನ್ನು ಮೊದಲು ನೋಡಿ: ಮೊದಲ ಸೆಕೆಂಡ್ ಹ್ಯಾಂಡ್ ಹಾಯಿದೋಣಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರು ಹಳೆಯ ಹಾಯಿದೋಣಿ ನೋಡಲು ಹೊರಟಾಗ ಮನಸ್ಸಿನಲ್ಲಿ ಒಂದೇ ಲೆಕ್ಕ ಇಟ್ಟುಕೊಳ್ಳಬೇಕು. ದೋಣಿಯಲ್ಲಿ ಏನು ಕೆಟ್ಟಿದೆ ಅನ್ನುವುದಕ್ಕಿಂತ, ಕೆಟ್ಟದ್ದು ನಮ್ಮೂರಲ್ಲಿ ದುರಸ್ತಿ ಆಗುತ್ತದೋ ಇಲ್ಲವೋ ಅನ್ನುವುದು ದೊಡ್ಡದು. ಮುಂಬೈ, ಗೋವಾದಲ್ಲಿ ದೋಣಿ ಕೆಲಸವನ್ನೇ ಮಾಡುವವರು ಸಿಗುತ್ತಾರೆ. ನಮಗೆ ಸಿಗುವವರು ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಲೇತ್ ಕೆಲಸದವರು, ಫೈಬರ್ ಟ್ಯಾಂಕು ಮತ್ತು ಬಸ್ ಬಾಡಿ ಕಟ್ಟುವವರು, ತಾಡಪತ್ರಿ ಹೊಲಿಯುವವರು. ಇವರ ಕೈಯಲ್ಲಿ ಬಹಳಷ್ಟು ಕೆಲಸ ಆಗುತ್ತದೆ, ಕೆಲವೊಮ್ಮೆ ದೋಣಿ ಅಂಗಡಿಗಿಂತ ಚೆನ್ನಾಗಿ ಆಗುತ್ತದೆ. ಆಗದಿರುವುದು ಮೂರೇ: ನೀರು ಕುಡಿದ ಒಡಲು, ಸೊಟ್ಟಾದ ಮಾಸ್ಟ್ (ಹಾಯಿ ಹೊರುವ ಕಂಬ), ಸತ್ತುಹೋದ ಹಾಯಿ. ತಪಾಸಣೆಯ ಸಮಯವನ್ನೆಲ್ಲ ಈ ಮೂರಕ್ಕೆ ಕೊಡಿ. ಬಣ್ಣ ಹೋಗಿದೆ, ಹಗ್ಗ ಹಳೆಯದು, ಹಗ್ಗ ಸಿಕ್ಕಿಸುವ ಕ್ಲೀಟ್ ಮುರಿದಿದೆ ಅಂತ ಒಳ್ಳೆಯ ದೋಣಿಯನ್ನು ಬಿಟ್ಟು ಬರಬೇಡಿ.

ಯಾವ ದೋಣಿ

ಕ್ಯಾಬಿನ್ ಇರುವ, ತಳದಲ್ಲಿ ಭಾರದ ಕೀಲ್ ಇರುವ ದೋಣಿಯ ಆಸೆ ಸದ್ಯಕ್ಕೆ ಬೇಡ. ಅದಕ್ಕೆ ವರ್ಷವಿಡೀ ಆಳದ ನೀರು, ಇಳಿಸಲು ಕ್ರೇನ್, ಕಟ್ಟಿಹಾಕಲು ಕಾವಲಿರುವ ಜಾಗ ಬೇಕು. ಆಲಮಟ್ಟಿಯಲ್ಲಿ ಪೂರ್ಣಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಮಳೆ ಚೆನ್ನಾಗಿ ಆದ ವರ್ಷ ಮಳೆಗಾಲ ಮುಗಿಯುವುದರೊಳಗೆ ತುಂಬುತ್ತದೆ. ಬೇಸಿಗೆ ಬರುವಷ್ಟರಲ್ಲಿ ದಡ ಹಿಂದೆ ಹಿಂದೆ ಸರಿದು ನಡುವೆ ಎರೆಮಣ್ಣಿನ ಕೆಸರು ಉಳಿಯುತ್ತದೆ. ಹಿಡಕಲ್‌ನ ಘಟಪ್ರಭಾ ಜಲಾಶಯದಲ್ಲೂ (ಪೂರ್ಣಮಟ್ಟ 2175 ಅಡಿ), ನವಿಲುತೀರ್ಥದ ಮಲಪ್ರಭಾ ಜಲಾಶಯದಲ್ಲೂ (2079.50 ಅಡಿ) ಹೀಗೇ. ಇಂಥ ನೀರಿಗೆ ಇಬ್ಬರು ಎತ್ತಬಹುದಾದ, ಸಂಜೆ ಮನೆಗೆ ತರಬಹುದಾದ ಡಿಂಗಿ, ಅಂದರೆ ಸಣ್ಣ ತೆರೆದ ದೋಣಿಯೇ ಸರಿ.

ಒಬ್ಬರೇ ನಡೆಸುವುದಾದರೆ ನನ್ನ ಮತ ಲೇಸರ್‌ಗೆ. ಬ್ರೂಸ್ ಕರ್ಬಿ ವಿನ್ಯಾಸ ಮಾಡಿದ ಈ ದೋಣಿ 1970ರ ದಶಕದ ಆರಂಭದಿಂದ ಇದೆ. 2019ರಿಂದ ಈಚೆಗೆ ಐಎಲ್‌ಸಿಎ ಎಂಬ ಹೆಸರಲ್ಲೂ ಮಾರಾಟವಾಗುತ್ತದೆ. ಭಾರತದ ನೇತ್ರಾ ಕುಮನನ್, ವಿಷ್ಣು ಸರವಣನ್ ಒಲಿಂಪಿಕ್ಸ್‌ನಲ್ಲಿ ಓಡಿಸಿದ್ದು ಇದೇ ವರ್ಗದ ದೋಣಿಗಳನ್ನು. ಉದ್ದ 4.23 ಮೀಟರ್, ಬರೀ ಒಡಲಿನ ತೂಕ ಸುಮಾರು 59 ಕೆಜಿ. ಒಂದೇ ಒಡಲಿಗೆ ಮೂರು ಅಳತೆಯ ಹಾಯಿ ಕೂರುತ್ತದೆ: 4.7, 5.76 ಮತ್ತು 7.06 ಚದರ ಮೀಟರ್. ಮಾಸ್ಟ್ ಎರಡು ತುಂಡು. ಹಾಯಿ ಬದಲಿಸಿದರೆ ಕೆಳಗಿನ ತುಂಡನ್ನಷ್ಟೇ ಬದಲಿಸಬೇಕು. ಹೊಸಬರಿಗೆ ಇದು ದೊಡ್ಡ ಅನುಕೂಲ. 55ರಿಂದ 70 ಕೆಜಿ ತೂಕದವರು ನಡುವಿನ 5.76ರ ಹಾಯಿಯಿಂದಲೇ ಶುರು ಮಾಡುವುದು ಒಳ್ಳೆಯದು. ಮಾರುವವರ ಹತ್ತಿರ 7.06ರದ್ದು ಮಾತ್ರ ಇದ್ದರೆ, ಸಣ್ಣ ಹಾಯಿ ಮತ್ತು ಅದರ ಕೆಳಮಾಸ್ಟ್ ಎರಡರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗಂಡ-ಹೆಂಡತಿ, ಅಥವಾ ಅಪ್ಪ-ಮಗಳು ಕೂಡಿ ಹೋಗುವುದಾದರೆ ಎಂಟರ್‌ಪ್ರೈಸ್ ನೋಡಿ. 4 ಮೀಟರ್ ಚಿಲ್ಲರೆ ಉದ್ದ, ನೀಲಿ ಹಾಯಿ, ಭಾರತದ ಕ್ಲಬ್‌ಗಳಲ್ಲಿ ಬಹುಕಾಲದಿಂದ ಇದೆ. ಹಳೆಯವು ಪ್ಲೈವುಡ್‌ನವು. ಅವುಗಳ ಬಗ್ಗೆ ಕೆಳಗೆ ಹೇಳುತ್ತೇನೆ. ಮಕ್ಕಳಿಗೆ ಆಪ್ಟಿಮಿಸ್ಟ್: 2.36 ಮೀಟರ್, 35 ಕೆಜಿ, ಹದಿನೈದು ವರ್ಷದವರೆಗೆ ಸಾಕು. ಎರಡು ಒಡಲಿನ ಹೋಬಿ 16 ಗೋವಾ ಕಡೆ ಕಣ್ಣಿಗೆ ಬಿದ್ದು ಆಸೆ ಹುಟ್ಟಿಸುತ್ತದೆ. ಅದರ ಅಗಲ 2.4 ಮೀಟರ್, ತೂಕ 145 ಕೆಜಿ. ಬಿಚ್ಚಿ ತರಬೇಕು, ದಡದಲ್ಲಿ ಜೋಡಿಸಬೇಕು, ಕೆಸರಲ್ಲಿ ಎಳೆಯಬೇಕು. ಮೊದಲ ದೋಣಿಯಾಗಿ ಬೇಡ.

ಯಾರೋ ಸ್ವಂತ ವಿನ್ಯಾಸದಲ್ಲಿ ಕಟ್ಟಿದ, ಹೆಸರಿಲ್ಲದ ದೋಣಿ ಎಷ್ಟೇ ಅಗ್ಗಕ್ಕೆ ಬಂದರೂ ಕೊಳ್ಳಬೇಡಿ. ಅದರ ಹಾಯಿ ಹರಿದ ದಿನ ಅಳತೆಗೆ ಸರಿಯಾದದ್ದು ಎಲ್ಲೂ ಸಿದ್ಧವಾಗಿ ಸಿಗುವುದಿಲ್ಲ. ವರ್ಗದ ದೋಣಿಯಾದರೆ, ಅಂದರೆ ಲೇಸರ್‌ನಂತೆ ಗೊತ್ತಾದ ಒಂದೇ ಅಳತೆಗೆ ಕಟ್ಟಿದ್ದಾದರೆ, ಚುಕ್ಕಾಣಿಯ ಕ್ಲಿಪ್‌ನಿಂದ ಹಿಡಿದು ಮಾಸ್ಟ್‌ವರೆಗೆ ಪ್ರತಿ ಭಾಗಕ್ಕೂ ಹೆಸರಿದೆ, ಅಳತೆಯಿದೆ. ಆರ್ಡರ್ ಮಾಡಿದರೆ ತಡವಾಗಿಯಾದರೂ ಬರುತ್ತದೆ.

ಹುಡುಕುವುದೆಲ್ಲಿ

ನಮ್ಮ ಮೂರು ಜಿಲ್ಲೆಗಳಲ್ಲಿ ಹಳೆಯ ಹಾಯಿದೋಣಿಯ ಮಾರುಕಟ್ಟೆ ಇಲ್ಲ. ಬೆಳಗಾವಿಗೆ ಗೋವಾ ಹತ್ತಿರ, ವಿಜಯಪುರದವರು ಹೈದರಾಬಾದ್ ಕಡೆಗೂ ನೋಡಬಹುದು. ಹುಸೇನ್ ಸಾಗರದಲ್ಲಿ ಸೈನ್ಯದ ಇಎಂಇ ಸೇಲಿಂಗ್ ಅಸೋಸಿಯೇಷನ್ ಮತ್ತು ಯಾಟ್ ಕ್ಲಬ್ ಎರಡೂ ಇವೆ. ಕೆಆರ್‌ಎಸ್ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್, ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್ (ಎಂಇಜಿ) ನವರ ತರಬೇತಿ, ಪುಣೆಯ ಕಡೆ ಖಡಕ್‌ವಾಸ್ಲಾ ಜಲಾಶಯ. ಕ್ಲಬ್‌ಗಳು ಹೊಸ ದೋಣಿ ತಂದಾಗ ಹಳೆಯವು ಹೊರಬೀಳುತ್ತವೆ. ಸೂಚನಾ ಫಲಕ ನೋಡುವುದಕ್ಕಿಂತ ದೋಣಿ ನೋಡಿಕೊಳ್ಳುವ ಬೋಟ್‌ಮನ್ ಹತ್ತಿರ ಹತ್ತು ನಿಮಿಷ ಮಾತಾಡುವುದು ಲಾಭ. ಯಾವ ದೋಣಿ ಸೋರುತ್ತದೆ, ಯಾವುದು ಬಂಡೆಗೆ ಬಡಿದಿತ್ತು ಅನ್ನುವುದು ಅವರಿಗೇ ಗೊತ್ತು.

ಅಲ್ಲೇ ಒಂದು ವಾರದ ಪ್ರಾಥಮಿಕ ತರಬೇತಿ ಮುಗಿಸಿ ಬನ್ನಿ. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯೂ ಇಂಥ ತರಬೇತಿ ಕೊಡುತ್ತದೆ. ಮಗುಚಿದ ದೋಣಿಯನ್ನು ಎತ್ತಿ ನಿಲ್ಲಿಸಲು ಬಾರದವರು ದೋಣಿ ಕೊಳ್ಳಬಾರದು. ಈ ಒಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ, ಯಾಕೆಂದರೆ ಆಲಮಟ್ಟಿ ಹಿನ್ನೀರಿನ ನಡುವೆ ಮಗುಚಿದರೆ ಬಂದು ಎತ್ತುವ ರಕ್ಷಣಾ ದೋಣಿ ಇಲ್ಲ.

ಒಡಲು

ನೋಡಲು ಹೋಗುವಾಗ ಚೀಲದಲ್ಲಿ ಇವಿಷ್ಟು ಇರಲಿ: ಟಾರ್ಚು, ಐದು ರೂಪಾಯಿ ನಾಣ್ಯ, ಐದು ಲೀಟರ್ ನೀರು, ಸೋಪಿನ ಪುಡಿ ಮತ್ತು ಬ್ರಷ್, ಮಾರ್ಕರ್ ಪೆನ್, ಟೇಪ್, 50 ಕೆಜಿವರೆಗೆ ತೂಗುವ ಎರಡು ನೇತುಹಾಕುವ ಡಿಜಿಟಲ್ ತಕ್ಕಡಿ. ದೋಣಿ ಒಣಗಿರುವಾಗ, ಹಗಲು ಬೆಳಕಲ್ಲಿ ನೋಡಬೇಕು. ನೀರಲ್ಲಿ ತೇಲುತ್ತಿರುವ ದೋಣಿಯನ್ನು ನೋಡಿ ಮುಂಗಡ ಕೊಡುವ ಮಾತೇ ಬೇಡ.

ಮೊದಲು ತೂಕ. ಲೇಸರ್ ಒಳಗೆ ಟೊಳ್ಳು, ತೇಲಲು ಫೋಮ್ ತುಂಡುಗಳು ಇರುತ್ತವೆ. ಸೋರಿಕೆ ವರ್ಷಗಟ್ಟಲೆ ನಡೆದರೆ ಫೋಮ್ ನೀರು ಹೀರುತ್ತದೆ, ಡೆಕ್‌ನ (ಒಡಲಿನ ಮೇಲ್ಭಾಗದ) ಎರಡು ಪದರದ ನಡುವಿನ ಫೋಮ್ ಕೂಡ. ಆ ನೀರು ಡ್ರೇನ್ ಪ್ಲಗ್ ಬಿಚ್ಚಿದರೆ ಹೊರಬರುವುದಿಲ್ಲ. ಚುಕ್ಕಾಣಿ, ಡ್ಯಾಗರ್‌ಬೋರ್ಡ್ (ನಡುವಿನ ಗೂಡಿನಿಂದ ನೀರಿಗೆ ಇಳಿಸುವ ಹಲಗೆ), ಹಗ್ಗ ಎಲ್ಲ ತೆಗೆದು, ಮುಂದೊಂದು ಹಿಂದೊಂದು ಪಟ್ಟಿ ಹಾಕಿ, ಎರಡೂ ತಕ್ಕಡಿಯಲ್ಲಿ ನೇತುಹಾಕಿ ಎರಡನ್ನೂ ಕೂಡಿಸಿ. 59ರಿಂದ 62 ಕೆಜಿ ಬಂದರೆ ಚೆನ್ನ. 65 ದಾಟಿದರೆ ಪ್ರತಿ ಹೆಚ್ಚಿನ ಕೆಜಿಗೂ ಕಾರಣ ಕೇಳಿ, ಎಲ್ಲಿ ರಿಪೇರಿ ಮಾಡಿದ್ದಾರೆ, ಎಷ್ಟು ಫೈಬರ್ ಮೆತ್ತಿದ್ದಾರೆ ಅಂತ. ಉತ್ತರ ಇಲ್ಲದಿದ್ದರೆ ಅದು ನೀರೇ.

ಎರಡನೆಯದು ಮಾಸ್ಟ್ ಕೂರುವ ಕುಳಿ. ಲೇಸರ್‌ನಲ್ಲಿ ಮಾಸ್ಟ್ ಹಿಡಿಯಲು ತಂತಿಗಳಿಲ್ಲ. 6 ಮೀಟರ್‌ಗೂ ಎತ್ತರದ ಕಂಬದ ಎಲ್ಲ ಒತ್ತಡವೂ ಡೆಕ್‌ನಲ್ಲಿರುವ ಆ ಕುಳಿಯ ಕೊಳವೆಯ ಮೇಲೇ ಬೀಳುತ್ತದೆ. ಗಾಳಿಗೆ ಕಂಬ ತೂಗಿದಷ್ಟೂ ಕೊಳವೆ ಡೆಕ್‌ಗೆ ಸೇರುವ ಜಾಗ ಮತ್ತು ತಳಕ್ಕೆ ಅಂಟಿದ ಜಾಗ ಸಡಿಲವಾಗುತ್ತವೆ. ಕುಳಿಯಲ್ಲಿ ಮರಳು ಸೇರಿದ್ದರೆ ಮಾಸ್ಟ್ ತಿರುಗುವಾಗ ಅದು ತಳವನ್ನು ಅರೆದು ತೂತು ಮಾಡುತ್ತದೆ. ಟಾರ್ಚು ಬಿಟ್ಟು ತಳ ನೋಡಿ, ಮರಳಿದ್ದರೆ ತೆಗೆಯಿರಿ. ಆಮೇಲೆ ಕುಳಿಗೆ ಅಂಚಿನವರೆಗೆ ನೀರು ತುಂಬಿ, ಮಟ್ಟಕ್ಕೆ ಮಾರ್ಕರ್ ಗೆರೆ ಹಾಕಿ 20 ನಿಮಿಷ ಬಿಡಿ. ಗೆರೆಯಿಂದ ನೀರು ಇಳಿದರೆ ಕುಳಿ ಸೋರುತ್ತಿದೆ. ಆ 20 ನಿಮಿಷದಲ್ಲಿ ಬೇರೆ ಕಡೆ ನೋಡುತ್ತಿರಿ. ನೀರು ತೆಗೆದ ಮೇಲೆ ಕೆಳಮಾಸ್ಟ್ ಇಟ್ಟು ಒಬ್ಬರು ಅದನ್ನು ಹಿಂದೆ ಮುಂದೆ, ಎಡ ಬಲ ಜಗ್ಗಬೇಕು. ಇನ್ನೊಬ್ಬರು ಕುಳಿಯ ಸುತ್ತಲಿನ ಡೆಕ್ ಮೇಲೆ ಬೆರಳಿಟ್ಟಿರಬೇಕು. ಡೆಕ್ ಉಬ್ಬಿ ಇಳಿದರೆ, ಕಿರ್ ಅಂತ ಸದ್ದಾದರೆ ಒಳಗಿನ ಅಂಟು ಬಿಟ್ಟಿದೆ. ಈ ಸ್ಥಿತಿಯಲ್ಲಿ ಜೋರು ಗಾಳಿಗೆ ಹೋದರೆ ಮಾಸ್ಟ್ ಡೆಕ್ ಸೀಳಿಕೊಂಡು ಬೀಳುತ್ತದೆ.

ಇದನ್ನು ಸರಿ ಮಾಡಬಹುದೇ ಅಂದರೆ ಮಾಡಬಹುದು. ಪಕ್ಕದಲ್ಲಿ ದುಂಡು ಮುಚ್ಚಳ ಕೂರುವ ತೂತು ಕೊರೆದು, ಕೈ ಒಳಗೆ ಹಾಕಿ, ಕೊಳವೆಯ ಬುಡಕ್ಕೆ ಹೊಸದಾಗಿ ಫೈಬರ್ ಹಾಕಬೇಕು. ಆದರೆ ಒಳಗೆ ಪೂರ್ತಿ ಒಣಗದೆ ಫೈಬರ್ ಹಿಡಿಯುವುದಿಲ್ಲ. ಒಣಗಿಸುವುದಕ್ಕೇ ವಾರಗಟ್ಟಲೆ ಫ್ಯಾನ್ ಇಡಬೇಕು. ಬೆಲೆ ಗಣನೀಯವಾಗಿ ಇಳಿಸಿದರೆ ಮಾತ್ರ ಒಪ್ಪಿ.

ಮೂರನೆಯದು ನಾಣ್ಯ. ಗಡಿಗೆ ಕೊಳ್ಳುವಾಗ ಬಡಿದು ನೋಡುವ ಹಾಗೆ ಡೆಕ್ ಮತ್ತು ತಳವನ್ನು ಅಂಗೈ ಅಗಲ ಬಿಟ್ಟು ಬಿಟ್ಟು ಬಡಿಯುತ್ತ ಹೋಗಿ. ಟಕ್ ಟಕ್ ಅಂತ ಗಟ್ಟಿ ಸದ್ದು ಬರುತ್ತಿದ್ದದ್ದು ಒಮ್ಮೆಲೇ ಮಂಕಾದರೆ ಅಲ್ಲಿ ಪದರ ಬಿಟ್ಟಿದೆ ಅಥವಾ ಫೋಮ್ ನೆನೆದಿದೆ. ಆ ಜಾಗಕ್ಕೆ ಮಾರ್ಕರ್‌ನಿಂದ ಸುತ್ತು ಹಾಕಿ. ಹೆಚ್ಚಾಗಿ ಸಿಗುವುದು ಕಾಲಿಡುವ ತಗ್ಗಾದ ಕಾಕ್‌ಪಿಟ್‌ನ ಎರಡೂ ಬದಿ, ಕೂತವರ ಭಾರ ಬೀಳುವ ಕಡೆ. ಮೊಣಕಾಲೂರಿ ಒತ್ತಿ. ಸ್ವಲ್ಪ ಬಾಗುವುದು ಹಳೆಯ ದೋಣಿಯಲ್ಲಿ ಸಹಜ, ಮೆತ್ತಗೆ ಒಳಗೆ ಹೋಗುವುದು ಸಹಜವಲ್ಲ. ಜೆಲ್‌ಕೋಟ್ ಮೇಲಿನ ಜೇಡರ ಬಲೆಯ ಗೆರೆಗಳಿಗೆ ಹೆದರುವುದು ಬೇಡ, ಅವು ಮೇಲ್ಪದರದವು. ಉಗುರು ಸಿಕ್ಕಿಕೊಳ್ಳುವ, ಉದ್ದಕ್ಕೆ ಒಂದೇ ದಿಕ್ಕಿಗೆ ಓಡುವ, ಒತ್ತಿದರೆ ಅಗಲವಾಗುವ ಬಿರುಕು ಮಾತ್ರ ಬೇರೆ ಮಾತು.

ಸೋರಿಕೆ ಎಲ್ಲಿಂದ ಅನ್ನುವುದನ್ನು ಸೋಪು ಹೇಳುತ್ತದೆ. ಕಾಕ್‌ಪಿಟ್‌ನಲ್ಲಿರುವ ಗಾಳಿಯಾಡುವ ಸಣ್ಣ ತೂತಿಗೆ ಟೇಪ್ ಹಚ್ಚಿ, ಹಿಂದಿನ ಡ್ರೇನ್ ತೂತಿಗೆ ಕೊಳವೆ ಸೇರಿಸಿ ಬಾಯಿಂದ ಊದಿ. ಇನ್ನೊಬ್ಬರು ಡೆಕ್-ಒಡಲು ಸೇರುವ ಅಂಚು, ಒಳಗೆ ಬಿದ್ದ ನೀರನ್ನು ಹೊರಬಿಡುವ ಬೇಲರ್ ಸುತ್ತ, ಚುಕ್ಕಾಣಿ ಕೊಂಡಿಯ ಸ್ಕ್ರೂಗಳು, ಡ್ಯಾಗರ್‌ಬೋರ್ಡ್ ಗೂಡು, ಹಿಡಿಕೆಗಳ ಬುಡಕ್ಕೆ ಸೋಪಿನ ನೀರು ಬಳಿಯಲಿ. ಗುಳ್ಳೆ ಎದ್ದ ಕಡೆ ಸೋರಿಕೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಿದರೆ ಒಳ್ಳೆಯ ಜೋಡಣೆಯೂ ಬಿಚ್ಚಿಹೋಗುತ್ತದೆ. ಬಾಯಿಂದ ಊದಿದಷ್ಟೇ ಒತ್ತಡ ಸಾಕು. ಸ್ಕ್ರೂ, ಬೇಲರ್ ಸೋರಿಕೆ ಏನೂ ಅಲ್ಲ: ಬಿಚ್ಚಿ, ಒರೆಸಿ, ದೋಣಿಗೆ ಬಳಸುವ ಪಾಲಿಯುರೆಥೇನ್ ಸೀಲಂಟ್ ಹಾಕಿ ಕೂರಿಸಿದರೆ ಆಯಿತು. ಬಚ್ಚಲಿಗೆ ಬಳಿಯುವ ಸಿಲಿಕಾನ್ ಹಾಕಬೇಡಿ. ಅದು ಸ್ವಲ್ಪ ದಿನಕ್ಕೆ ಬಿಡುತ್ತದೆ, ಬಿಟ್ಟ ಮೇಲೆ ಆ ಜಾಗಕ್ಕೆ ಬೇರೆ ಯಾವುದೂ ಅಂಟುವುದಿಲ್ಲ.

ಪ್ಲೈವುಡ್ ದೋಣಿಯ ಮಾತು ಬೇರೆ. ಕರಾವಳಿಯ ಹಸಿಯಲ್ಲಿದ್ದ ಮರ ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ ಬಂದರೆ ಕುಗ್ಗಿ ಜೋಡಣೆಗಳು ಬಾಯಿ ಬಿಡುತ್ತವೆ. ನೆರಳಿನ ಶೆಡ್ ಇದ್ದವರಿಗೆ, ಬಡಗಿ ಕೆಲಸದಲ್ಲಿ ಪ್ರೀತಿ ಇದ್ದವರಿಗೆ ಮಾತ್ರ ಅದು. ಸೆಂಟರ್‌ಬೋರ್ಡ್ (ಡ್ಯಾಗರ್‌ಬೋರ್ಡ್‌ನಂಥದೇ ಹಲಗೆ) ಪೆಟ್ಟಿಗೆಯ ಬುಡ, ಹಿಂದಿನ ಹಲಗೆಯ ಕೆಳ ಮೂಲೆ, ಮಾಸ್ಟ್ ನಿಲ್ಲುವ ಜಾಗಕ್ಕೆ ಸಣ್ಣ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಕೊಳೆತಿದೆ.

ಮಾಸ್ಟ್, ಬೂಮ್, ಚುಕ್ಕಾಣಿ

ಮೇಲಿನ ಮಾಸ್ಟ್ ತುಂಡನ್ನು ಸಮತಟ್ಟು ನೆಲದ ಮೇಲೆ ಉರುಳಿಸಿ. ಎದ್ದು ಬಿದ್ದು ಉರುಳಿದರೆ ಬಾಗಿದೆ. ನಯವಾದ ಸಣ್ಣ ಬಾಗನ್ನು ನಿಧಾನವಾಗಿ ಸರಿಪಡಿಸಬಹುದು, ಚೂಪಾಗಿ ಮಡಚಿದ ಗುರುತಿದ್ದರೆ ಆ ತುಂಡು ಮುಗಿಯಿತು. ಎರಡು ತುಂಡು ಸೇರುವ ಕಡೆ ಪ್ಲಾಸ್ಟಿಕ್ ಕಾಲರ್ ಹಿಡಿದಿರುವ ರಿವೆಟ್ ಇದೆ. ಅದರ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಹುಡುಕಿ, ಮುರಿಯುವುದು ಬಹುತೇಕ ಅಲ್ಲೇ. ಕೆಳಮಾಸ್ಟ್‌ಗೆ ಬೂಮ್ (ಹಾಯಿಯ ಕೆಳಅಂಚಿನ ಅಡ್ಡಕಂಬ) ಸೇರುವ ಕೊಂಡಿಯ ರಿವೆಟ್‌ಗಳ ಸುತ್ತಲೂ ಹಾಗೇ ನೋಡಿ. ಬಿಳಿ ಪುಡಿ ಕಂಡರೆ ಅಲ್ಯೂಮಿನಿಯಂ ತಿಂದುಹೋಗುತ್ತಿದೆ. ಸಮುದ್ರದ ಉಪ್ಪುನೀರಲ್ಲಿ ಸ್ಟೇನ್‌ಲೆಸ್ ಸ್ಟೀಲು ಮತ್ತು ಅಲ್ಯೂಮಿನಿಯಂ ತಾಗಿಕೊಂಡಿದ್ದರೆ ಹೀಗಾಗುತ್ತದೆ. ಗೋವಾದಿಂದ ಬರುವ ದೋಣಿಗಳಲ್ಲಿ ಇದು ಮಾಮೂಲು.

ಎಂಟರ್‌ಪ್ರೈಸ್‌ನಂಥ ದೋಣಿಯಲ್ಲಿ ಮಾಸ್ಟ್ ಹಿಡಿಯುವ ತಂತಿಗಳಿರುತ್ತವೆ. ಹಳೆಯ ಬಟ್ಟೆ ಹಿಡಿದು ತಂತಿಯುದ್ದಕ್ಕೂ ಎಳೆಯಿರಿ, ಬರಿಗೈ ಬೇಡ. ಬಟ್ಟೆ ಸಿಕ್ಕಿದ ಕಡೆ ಎಳೆ ಹರಿದಿದೆ. ಒಂದು ಎಳೆ ಹರಿದಿದ್ದರೂ ಆ ತಂತಿ ಬದಲಿಸಲೇಬೇಕು.

ಲೇಸರ್‌ನ ಹಳೆಯ ಚುಕ್ಕಾಣಿ ಮತ್ತು ಡ್ಯಾಗರ್‌ಬೋರ್ಡ್ ಹೆಚ್ಚಾಗಿ ಗಟ್ಟಿ ಫೋಮ್‌ನವು, ಒಳಗೆ ಉಕ್ಕಿನ ಸರಳು. ನೀರು ಹೊಕ್ಕು ಸರಳು ತುಕ್ಕು ಹಿಡಿದರೆ ಉಬ್ಬಿ ಉದ್ದಕ್ಕೆ ಸೀಳುತ್ತದೆ, ಕಂದು ಕಲೆ ಹೊರಗೆ ಕಾಣುತ್ತದೆ. ಅಂಚಿನ ಸಣ್ಣ ಚೂರು ಹಾರಿದ್ದರೆ ಚಿಂತೆಯಿಲ್ಲ. ಚುಕ್ಕಾಣಿಯನ್ನು ಕೊಂಡಿಗೆ ಸಿಕ್ಕಿಸಿ ಅಲ್ಲಾಡಿಸಿ. ಲೊಡಲೊಡ ಅಂದರೆ ಪಿನ್ ಸವೆದಿದೆ. ಇದು ಉದ್ಯಮಬಾಗದ ಕೆಲಸ: ಹಳೆಯ ಪಿನ್ ಒಯ್ದರೆ ಅದೇ ಅಳತೆಗೆ ಸ್ಟೇನ್‌ಲೆಸ್ ಸರಳಿನಲ್ಲಿ ತಿರುಗಿಸಿ ಕೊಡುತ್ತಾರೆ. ನಮ್ಮದು ಸಿಹಿನೀರು, 304 ಗ್ರೇಡ್ ಸಾಕು. ಸಮುದ್ರಕ್ಕೂ ಒಯ್ಯುವ ವಿಚಾರವಿದ್ದರೆ 316 ಕೇಳಿ.

ಹಾಯಿ

ಲೇಸರ್‌ನಲ್ಲಿ ಮಾಸ್ಟ್ ಹಾಯಿಯಲ್ಲೇ ಹೊಲಿದ ಉದ್ದ ಚೀಲದೊಳಗೆ ಹೋಗುತ್ತದೆ. ಆ ಚೀಲದ ಮೇಲ್ತುದಿ ಮತ್ತು ಹೊಲಿಗೆ ಮೊದಲು ಸವೆಯುತ್ತವೆ. ಹಾಯಿಯನ್ನು ಬಿಸಿಲಿಗೆ ಎತ್ತಿ ಹಿಡಿದು ಸೂಜಿ ತೂತುಗಳು ಕಾಣುತ್ತವೆಯೇ ನೋಡಿ. ಹೊಲಿಗೆಯ ದಾರವನ್ನು ಉಗುರಿನಿಂದ ಜಗ್ಗಿ. ಪಟ್ಟನೆ ಹರಿದರೆ ಬಿಸಿಲು ದಾರ ತಿಂದಿದೆ, ಬಟ್ಟೆಯೂ ಹೆಚ್ಚು ದಿನ ಇರದು. ಹೊಸ ಡೇಕ್ರಾನ್ (ಹಾಯಿಯ ಪಾಲಿಯೆಸ್ಟರ್) ಬಟ್ಟೆ ಹಿಚುಕಿದರೆ ಗರಗರ ಅನ್ನುತ್ತದೆ. ಪೂರ್ತಿ ಮೆತ್ತಗಾಗಿದ್ದರೆ ಅದು ಹಿಗ್ಗಿ, ಗಾಳಿ ತುಂಬಿದಾಗ ಹೊಟ್ಟೆ ಹಿಂದಕ್ಕೆ ಸರಿಯುತ್ತದೆ. ಆಗ ದೋಣಿ ಗಾಳಿಗೆದುರು ಏರುವುದಿಲ್ಲ, ಪಕ್ಕಕ್ಕೆ ವಾಲುವುದೇ ಹೆಚ್ಚು. ಹೊಸಬರು ತಮ್ಮ ಕೈಗುಣ ಸರಿಯಿಲ್ಲ ಅಂದುಕೊಳ್ಳುತ್ತಾರೆ.

ಅಂಗೈ ಅಗಲದ ಹರಕನ್ನು ನಮ್ಮ ತಾಡಪತ್ರಿ ಹೊಲಿಯುವವರು ಹಾಕಬಲ್ಲರು. ಡೇಕ್ರಾನ್ ತುಂಡು ಮತ್ತು ಪಾಲಿಯೆಸ್ಟರ್ ದಾರ ನೀವೇ ಒಯ್ಯಬೇಕು, ಹತ್ತಿ ದಾರ ಬೇಡ, ಹೊಲಿಗೆ ಅಂಕುಡೊಂಕು ಇರಲಿ. ಇಡೀ ಹಾಯಿ ಹೊಲಿಯುವುದು ಮಾತ್ರ ಅವರಿಂದ ಆಗದು, ಏಕೆಂದರೆ ಹಾಯಿಯ ತುಂಡುಗಳ ಅಂಚನ್ನು ಬಾಗಿಸಿ ಕತ್ತರಿಸಿ ಹೊಟ್ಟೆ ಕೊಡುವುದು ಬೇರೆಯೇ ವಿದ್ಯೆ. ಸ್ಪರ್ಧೆಗೆ ಇಳಿಯದವರಿಗೆ ವರ್ಗದ ಮುದ್ರೆಯಿಲ್ಲದ ತರಬೇತಿ ಹಾಯಿ ಸಾಕು, ಅಗ್ಗವೂ ಹೌದು.

ಇಲ್ಲಿ ಮಾಡಿಸುವ ಫೈಬರ್ ಕೆಲಸ

ಲೇಸರ್ ಪಾಲಿಯೆಸ್ಟರ್ ರಾಳದ್ದು. ಟ್ಯಾಂಕು, ಬಸ್ ಬಾಡಿಯವರು ಬಳಸುವುದೂ ಅದೇ ರಾಳ, ಆದ್ದರಿಂದ ಒಡಲಿನ ಗಾಯ ಅವರಿಂದಲೇ ತುಂಬಿಸಬಹುದು. ಆದರೆ ಜೊತೆಗೆ ನಿಲ್ಲಿ. ಟ್ಯಾಂಕಿಗೆ ಮೇಲೆ ದಪ್ಪ ಮೆತ್ತಿದರೆ ನಡೆಯುತ್ತದೆ, ದೋಣಿಗೆ ನಡೆಯದು. ಬಿರುಕಿನ ಸುತ್ತ 80 ನಂಬರ್ ಉಜ್ಜುಕಾಗದದಿಂದ ಇಳಿಜಾರಾಗಿ ತೆಗೆಯಬೇಕು, ಇಳಿಜಾರಿನ ಅಗಲ ಗೋಡೆಯ ದಪ್ಪದ 12 ಪಟ್ಟಾದರೂ ಇರಲಿ. ಚದರ ಮೀಟರ್‌ಗೆ 300 ಗ್ರಾಂ ತೂಗುವ ಫೈಬರ್ ಮ್ಯಾಟ್‌ನ ಎರಡು-ಮೂರು ಪದರ, ಒಂದಕ್ಕಿಂತ ಒಂದು ಸ್ವಲ್ಪ ಅಗಲ, ರೋಲರ್‌ನಿಂದ ಗಾಳಿಗುಳ್ಳೆ ಪೂರ್ತಿ ಒತ್ತಿ ತೆಗೆಯಬೇಕು.

ಅಂಗಡಿಯಲ್ಲಿ ರಾಳದ ಜೊತೆ ಎರಡು ಬಾಟಲಿ ಕೊಡುತ್ತಾರೆ, ಕೋಬಾಲ್ಟ್ ಮತ್ತು ಹಾರ್ಡನರ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತಿ ಸಿಡಿಯಬಹುದು. ಕೋಬಾಲ್ಟ್ ಮೊದಲು ರಾಳಕ್ಕೆ ಹಾಕಿ ಪೂರ್ತಿ ಕಲಸಬೇಕು, ಆಮೇಲೆ ಹಾರ್ಡನರ್. ಹಾರ್ಡನರ್ ಸಾಮಾನ್ಯವಾಗಿ ರಾಳದ ಶೇ 1ರಿಂದ 2, ಅಂದರೆ ಕೆಜಿಗೆ 10ರಿಂದ 20 ಗ್ರಾಂ. ನಮ್ಮ ಬೇಸಿಗೆಗೆ ಶೇ 1 ಸಾಕು. ಮಧ್ಯಾಹ್ನ ಶೇ 2 ಹಾಕಿದರೆ ಮ್ಯಾಟ್ ನೆನೆಯುವ ಮೊದಲೇ ಡಬ್ಬಿಯಲ್ಲೇ ಕಾಯ್ದು ಗಟ್ಟಿಯಾಗುತ್ತದೆ. ಬೆಳಿಗ್ಗೆ ಮಾಡಿಸಿ, ಒಮ್ಮೆಗೆ ಅರ್ಧ ಕೆಜಿಗಿಂತ ಹೆಚ್ಚು ಕಲಸಬೇಡಿ, ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಇರಲಿ. ಮೇಲಿನ ಜೆಲ್‌ಕೋಟ್ ಗಾಳಿ ತಾಗಿದರೆ ಅಂಟಂಟು ಉಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿ ಒಣಗಿಸಿ.

ಬೆಲೆ, ಕಾಗದ, ಸಾಗಣೆ

ಬೆಲೆ ಮಾತಾಡುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಹಾಯಿ ಬದಲಿಸಬೇಕೇ, ಹಗ್ಗ ಎಲ್ಲ ಹೊಸದಾಗಿ ಎಷ್ಟು (ಮುಖ್ಯ ಶೀಟ್‌ಗೆ, ಅಂದರೆ ಹಾಯಿ ಎಳೆದು ಬಿಡುವ ಹಗ್ಗಕ್ಕೆ, 7-8 ಮಿಮೀ ದಪ್ಪದ್ದು ಸುಮಾರು 13-14 ಮೀಟರ್), ದಡದಲ್ಲಿ ತಳ್ಳುವ ಟ್ರಾಲಿ ಇದೆಯೇ, ಲೈಫ್ ಜಾಕೆಟ್, ಲಾರಿ ಬಾಡಿಗೆ. ಹೊಸ ಹಾಯಿಯ ಬೆಲೆ ಕೇಳಿದ ಮೇಲೆ ಎಷ್ಟೋ ಅಗ್ಗದ ದೋಣಿಗಳು ದುಬಾರಿಯಾಗಿ ಕಾಣುತ್ತವೆ. ಒಡಲಿನ ಸಂಖ್ಯೆ ಹಿಂದಿನ ಹಲಗೆಯ ಮೇಲೆ ಅಥವಾ ಹಳೆಯವುಗಳಲ್ಲಿ ಮುಂಭಾಗದ ಕೊಂಡಿಯ ಕೆಳಗೆ ಇರುತ್ತದೆ. ಅದನ್ನು ಮಾರಾಟ ಪತ್ರದಲ್ಲಿ ಬರೆಸಿಕೊಳ್ಳಿ. ಕ್ಲಬ್ ಅಥವಾ ಸಂಸ್ಥೆಯ ದೋಣಿಯಾಗಿದ್ದರೆ ಅದನ್ನು ವಿಲೇವಾರಿ ಮಾಡಿದ ಪತ್ರದ ನಕಲು ಬೇಕೇ ಬೇಕು.

4.23 ಮೀಟರ್ ಅಂದರೆ 13 ಅಡಿ 10 ಇಂಚಿನ ಮೇಲೆ. 14 ಅಡಿಯ ಲಾರಿಗೆ ಅಂಟಿಕೊಂಡು ಕೂರುತ್ತದೆ, ಒಳಅಳತೆ ಟೇಪ್ ಹಿಡಿದು ನೋಡಿ. 17 ಅಡಿಯದು ಸಿಕ್ಕರೆ ನಿರಾಳ. ಪಿಕಪ್‌ನಲ್ಲಿ ಹಿಂದೆ ಚಾಚಿಕೊಂಡು ತರುವುದು ಬೇಡ. ಡೆಕ್ ಕೆಳಗೆ ಮಾಡಿ, ಹಳೆಯ ಗಾದಿ ಅಥವಾ ಟ್ಯೂಬ್ ಹಾಸಿ ಮಲಗಿಸಿ. ಪಟ್ಟಿಯನ್ನು ಕೈಯಿಂದ ಬಿಗಿ ಮಾಡಿದಷ್ಟೇ ಸಾಕು, ರ‍್ಯಾಚೆಟ್ ಹಾಕಿ ಎಳೆದರೆ ಬಿಸಿಲಲ್ಲಿ ಒಡಲು ತಗ್ಗಾಗುತ್ತದೆ. ಮಾಸ್ಟ್ ತುಂಡುಗಳನ್ನು ಬೇರೆಯಾಗಿ ಸುತ್ತಿ ಕಟ್ಟಿ, ಒಡಲಿಗೆ ಉಜ್ಜಬಾರದು. ಮಳೆಗಾಲದಲ್ಲಿ ಗೋವಾ-ಬೆಳಗಾವಿ ದಾರಿಯ ಚೋರ್ಲಾ ಘಾಟಿನ ಸ್ಥಿತಿ ವಿಚಾರಿಸಿಯೇ ಲಾರಿ ಮಾತಾಡಿ. ಮನೆಗೆ ಬಂದ ಕೂಡಲೇ ರಾಟೆ, ಕ್ಲೀಟ್, ಮಾಸ್ಟ್ ಒಳಗೆ ಎಲ್ಲಾ ಸಿಹಿನೀರು ಬಿಟ್ಟು ಉಪ್ಪು ತೊಳೆಯಿರಿ.

ನೀರಿಗೆ ಇಳಿಸುವ ಮೊದಲು

ಆಲಮಟ್ಟಿ ಕೃಷ್ಣಾ ಭಾಗ್ಯ ಜಲ ನಿಗಮದ್ದು, ಹಿಡಕಲ್ ಮತ್ತು ನವಿಲುತೀರ್ಥ ಕರ್ನಾಟಕ ನೀರಾವರಿ ನಿಗಮದ್ದು. ಎಲ್ಲಿ ಇಳಿಸುತ್ತೀರಿ, ಯಾವ ದೋಣಿ, ಎಷ್ಟು ಜನ ಅಂತ ಬರೆದು ಅಣೆಕಟ್ಟೆಯ ಎಂಜಿನಿಯರ್ ಕಚೇರಿಗೆ ಅರ್ಜಿ ಕೊಡಿ, ಪೊಲೀಸ್ ಠಾಣೆಗೂ ತಿಳಿಸಿ. 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ಹೆಸರಿಸುತ್ತದೆ. ಮೋಟಾರು ಕೂರಿಸಿದರೆ ನೋಂದಣಿ, ತಪಾಸಣೆ ಎಲ್ಲ ಬರುತ್ತದೆ. ಬೆಳಗಾವಿಗೆ ಕುಡಿಯುವ ನೀರು ಕೊಡುವ ರಕ್ಕಸಕೊಪ್ಪ, ಪಕ್ಷಿಧಾಮವಾದ ಧೂಪದಾಳ ಎರಡನ್ನೂ ಮರೆತುಬಿಡಿ. ಅಣೆಕಟ್ಟೆಯ ಗೇಟಿನ ಕಡೆಗಂತೂ ಸುಳಿಯಲೇಬಾರದು.

ಆಲಮಟ್ಟಿ ಹಿನ್ನೀರಿನ ಕೆಳಗೆ ಮುಳುಗಿದ ಊರುಗಳಿವೆ. ಗೋಡೆ, ಬಾವಿಕಟ್ಟೆ, ಒಣಗಿದ ಜಾಲಿ ಗಿಡ ಎಲ್ಲವೂ ನೀರು ಇಳಿದಂತೆ ಮೇಲ್ಮೈಗೆ ಹತ್ತಿರ ಬರುತ್ತವೆ, ಡ್ಯಾಗರ್‌ಬೋರ್ಡ್ ಅದಕ್ಕೆ ಬಡಿದರೆ ಒಡಲು ಸೀಳುತ್ತದೆ. ನಕ್ಷೆ ಹುಡುಕುವ ಬದಲು ದಡದ ಮೀನುಗಾರರನ್ನು ಕೇಳಿ: "ಕಾಕಾ, ಬಲಿ ಎಲ್ಲೆಲ್ಲಿ ಹಾಕೀರಿ, ನೀರಾಗ ಗ್ವಾಡಿ ಎಲ್ಲಿ ಅದಾವ?" ಅವರು ಬೆರಳು ಮಾಡಿ ತೋರಿಸುತ್ತಾರೆ. ಬಲೆ ಅವರ ಅನ್ನ, ಅದರ ಮೇಲೆ ಹಾಯಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಯಾವ ದಂಡೆಯಲ್ಲಿ ಕಾಣುತ್ತವೆ ಅನ್ನುವುದನ್ನೂ ಅವರನ್ನೇ ಕೇಳಿ, ಅಲ್ಲಿ ಮಗುಚುವ ಅಭ್ಯಾಸ ಬೇಡ.

ಇದಕ್ಕಿಂತ ಹೆಚ್ಚು ಹೆದರಿಸುವುದು ಕರೆಂಟು. ನೀರು ಹಿಂದೆ ಸರಿದಂತೆ ರೈತರ ಪಂಪ್‌ಸೆಟ್‌ಗಳೂ ಮುಂದೆ ಬರುತ್ತವೆ, ಜೊತೆಗೆ ತಂತಿಗಳೂ. ಅಲ್ಯೂಮಿನಿಯಂ ಮಾಸ್ಟ್ ನಿಲ್ಲಿಸುವ ಮೊದಲು ತಲೆಯೆತ್ತಿ ನೋಡಿ, ನೀರಿನವರೆಗೆ ತಳ್ಳುವ ದಾರಿಯುದ್ದಕ್ಕೂ ನೋಡಿ. ತಂತಿ ಕಂಡರೆ ಜಾಗ ಬದಲಿಸಿ.

ಕಲಿಯಲು ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ: ನೀರಿರುತ್ತದೆ, ಗಾಳಿ ಹದವಾಗಿರುತ್ತದೆ. ಗಂಟೆಗೆ 12ರಿಂದ 18 ಕಿಮೀ ಗಾಳಿ ಸಾಕು. ಅಲ್ಲಲ್ಲಿ ಬಿಳಿ ನೊರೆ ಏಳಲು ಶುರುವಾದರೆ ಹೊಸಬರು ದಡಕ್ಕೆ ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪಶ್ಚಿಮದ ಗಾಳಿ ಎಷ್ಟು ಜೋರು ಅನ್ನುವುದಕ್ಕೆ ಸವದತ್ತಿ ಗುಡ್ಡದ ಗಾಳಿಯಂತ್ರಗಳೇ ಸಾಕ್ಷಿ. ಏಪ್ರಿಲ್, ಮೇ ಮಧ್ಯಾಹ್ನ ಮೋಡ ಕಪ್ಪಾದರೆ ಗಾಳಿ, ಸಿಡಿಲು ಎರಡೂ ಒಟ್ಟಿಗೆ ಬರುತ್ತವೆ, ಆ ತಿಂಗಳಲ್ಲಿ ಬೆಳಿಗ್ಗೆಯೇ ಮುಗಿಸಿ.

ಮೊದಲ ದಿನ ದಡದಿಂದ ನೂರು ಮೀಟರ್ ಒಳಗೆ, ಮಾಸ್ಟ್ ತುದಿ ತಳಕ್ಕೆ ತಾಗದಷ್ಟು ಆಳವಿರುವ ಕಡೆ, ಬೇಕೆಂದೇ ಮಗುಚಿ. ಆಳ ಕಡಿಮೆಯಿದ್ದರೆ ಮಾಸ್ಟ್ ತುದಿ ಎರೆಮಣ್ಣಲ್ಲಿ ಹೂತು ಬಾಗುತ್ತದೆ. ಅದಕ್ಕೂ ಮುಂಚೆ ಡ್ರೇನ್ ಪ್ಲಗ್ ಬಿಗಿಯಿದೆಯೇ, ಚುಕ್ಕಾಣಿಯ ಕ್ಲಿಪ್ ಬಿದ್ದಿದೆಯೇ, ಡ್ಯಾಗರ್‌ಬೋರ್ಡ್‌ಗೆ ರಬ್ಬರ್ ಹಗ್ಗ ಮತ್ತು ಮಾಸ್ಟ್‌ಗೆ ಭದ್ರತಾ ಹಗ್ಗ ಕಟ್ಟಿದೆಯೇ, ಶೀಟ್ ತುದಿಗೆ ಗಂಟಿದೆಯೇ ನೋಡಿ. ಇವುಗಳಲ್ಲಿ ಒಂದು ತಪ್ಪಿದರೂ ಮಗುಚಿದಾಗ ಆ ಭಾಗ ಕಳಚಿ ದೂರ ಹೋಗುತ್ತದೆ, ಡ್ಯಾಗರ್‌ಬೋರ್ಡ್ ಇಲ್ಲದೆ ದೋಣಿ ಎತ್ತಿ ನಿಲ್ಲಿಸುವುದು ಬಹಳ ಕಷ್ಟ. ದಡಕ್ಕೆ ಬಂದು ಪ್ಲಗ್ ಬಿಚ್ಚಿ ಬರುವ ನೀರನ್ನು ಬಕೆಟ್‌ನಲ್ಲಿ ಹಿಡಿದು ಅಳೆಯಿರಿ. ಒಂದೆರಡು ಲೋಟ ಬಂದರೆ ಸರಿ. ಒಂದು ಲೀಟರ್ ದಾಟಿದರೆ ಮತ್ತೆ ಸೋಪಿನ ಪರೀಕ್ಷೆ ಮಾಡಿ, ಸೋರಿಕೆ ಮುಚ್ಚದೆ ಎರಡನೇ ಸಲ ಇಳಿಸಬೇಡಿ. ಮನೆಯಲ್ಲಿ ಇಡುವಾಗ ಪ್ಲಗ್ ತೆಗೆದಿರಲಿ. ಮುಚ್ಚಿಟ್ಟರೆ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಜೋಡಣೆಗಳನ್ನು ನೂಕುತ್ತದೆ. ಡೆಕ್ ಕೆಳಗೆ ಮಾಡಿ ನೆರಳಲ್ಲಿಡಿ, ಹಾಯಿಯನ್ನು ಒಣಗಿಸಿ ಸುರುಳಿ ಸುತ್ತಿ ಒಳಮನೆಯಲ್ಲಿಡಿ. ಹೊರಗೆ ಬಿಟ್ಟರೆ ಇಲಿಗಳು ಬಿಡುವುದಿಲ್ಲ.